ಬಾಡಿಗೆ ತೋಟಕ್ಕೆ ಬಂದ ಶೀಲ್ಡು

ಒಂದು ಸರ್ಕಾರಿ ಶಾಲೆ. ಯಾವ ಊರಿನದು ಅಂತ ಕೇಳಬೇಡಿ ಮಕ್ಕಳೇ, ಹೇಳುವುದಿಲ್ಲ. ಹೇಳಿದರೆ ನಾಳೆಯೇ ನಾಲ್ಕು ಜನ ದೊಡ್ಡವರು ನನ್ನ ಮನೆ ಬಾಗಿಲಿಗೆ ಬಂದು, "ಯಾಕಮ್ಮ, ಶಾಲೆ ಮಾನ ಹರಾಜು ಹಾಕ್ತಿದೀಯ?" ಅಂತಾರೆ. ಹರಾಜು ಹಾಕಿದವರು ಯಾರು ಅಂತ ಈ ಕಥೆ ಕೇಳಿದ ಮೇಲೆ ನೀವೇ ಹೇಳಿ. ಆ ಶಾಲೆಯ ಬಿಸಿಯೂಟಕ್ಕೆ ಸಾರು ಕುದಿಸುತ್ತಿದ್ದವಳು ನಾನು. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೇಳುವಾಗ ಸಿಟ್ಟು ಬಂದರೆ ಬರಲಿ, ನೀವು ಹೆದರಬೇಡಿ, ಅದು ನಿಮ್ಮ ಮೇಲಿನ ಸಿಟ್ಟಲ್ಲ.

ಆ ಶಾಲೆಯಲ್ಲಿ ಸಿಂಗ್ರಯ್ಯ ಅಂತ ವಿಜ್ಞಾನದ ಮೇಷ್ಟ್ರು ಇದ್ದರು. ಸಣಕಲು ಆಳು. ಎಲ್ಲ ಮೇಷ್ಟ್ರುಗಳ ಜೇಬಿನಲ್ಲಿ ಪೆನ್ನು ಇದ್ದರೆ ಇವರ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರು. ಒಂದು ದಿನ ಊಟ ಮುಗಿದು ಮಕ್ಕಳೆಲ್ಲ ನಲ್ಲಿ ಸಾಲಿನಲ್ಲಿ ತಟ್ಟೆ ತೊಳೆಯುತ್ತಿದ್ದರು. ನೂರಿಪ್ಪತ್ತು ತಟ್ಟೆಯ ನೀರು ಹರಿದು ಗೇಟಿನ ಹೊರಗೆ ಹೋಗಿ ರಸ್ತೆಯಲ್ಲಿ ಕೊಚ್ಚೆಯಾಗುತ್ತಿತ್ತು. ಮೇಷ್ಟ್ರು ನಿಂತು ನೋಡಿದರು.

"ಈ ನೀರೆಲ್ಲ ಎಲ್ಲಿಗೆ ಹೋಗ್ತಿದೆ?"

"ರೋಡಿಗೆ ಸಾರ್."

"ರೋಡಿಗೇನು ಬಾಯಾರಿಕೆ ಆಗಿದ್ಯಾ? ತೋಟಕ್ಕೆ ಬಿಡೋಣ."

"ತೋಟ ಎಲ್ಲಿದೆ ಸಾರ್?"

"ಇಲ್ಲ. ಮಾಡ್ಬೇಕು."

ಹೀಗೆ ಶುರುವಾಯಿತು. ಮೇಷ್ಟ್ರದು ಒಂದೇ ಕಟ್ಟುನಿಟ್ಟು. ಅಂಗಡಿಗೆ ಹೋಗುವ ಹಾಗಿಲ್ಲ, ಏನನ್ನೂ ಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಕೆಲಸಕ್ಕೆ ಬಾರದ್ದು ಏನಿದೆಯೋ ಅದನ್ನು ತರಬೇಕು, ಅದೂ ಅಮ್ಮ ಬೈಯದೆ ಕೊಟ್ಟರೆ ಮಾತ್ರ. ಮರುದಿನದಿಂದ ನೋಡಬೇಕಿತ್ತು ನೀವು. ಒಬ್ಬ ಟೈರು ಉರುಳಿಸಿಕೊಂಡು ಬಂದ. ಒಬ್ಬಳು ಬಟ್ಟೆ ಹೋದ ಛತ್ರಿಯ ಕಡ್ಡಿ ತಂದಳು. ಖಾಲಿ ಸಿಮೆಂಟ್ ಚೀಲ, ಒಡೆದ ಬಕೆಟ್ಟು, ಹರಿದ ಸೊಳ್ಳೆ ಪರದೆ, ಸೀಳಿದ ಪೈಪು, ಒಂದು ಕಾಲು ಮುರಿದ ಸ್ಟೂಲು. ನಾನು ಅಡಿಗೆಮನೆಯ ಖಾಲಿ ಎಣ್ಣೆ ಡಬ್ಬಗಳನ್ನು ಕೊಟ್ಟೆ. ಕಾಂಪೌಂಡಿನ ಒಳಗೆ ಗೋಡೆಯುದ್ದಕ್ಕೂ ಇವೆಲ್ಲ ಬಂದು ಕೂತವು.

ಛತ್ರಿಯ ಕಡ್ಡಿಗೆ ಹೀರೆ ಬಳ್ಳಿ ಹಬ್ಬಿತು. ಟೈರಿನೊಳಗೆ ಕೊತ್ತಂಬರಿ ಎದ್ದಿತು. ಸಿಮೆಂಟ್ ಚೀಲದಲ್ಲಿ ಟೊಮೇಟೊ, ಬಕೆಟ್ಟಿನಲ್ಲಿ ಬದನೆ, ಸೊಳ್ಳೆ ಪರದೆಯ ಕೆಳಗೆ ದಂಟಿನ ಪುಟ್ಟ ಪುಟ್ಟ ಸಸಿ. ಯಾವುದೂ ನೆಟ್ಟಗಿರಲಿಲ್ಲ, ಒಪ್ಪುತ್ತೇನೆ. ಸ್ಟೂಲಿಗೆ ಮುರಿದ ಕಾಲಿನ ಜಾಗದಲ್ಲಿ ಮೂರು ಇಟ್ಟಿಗೆ ಕೊಟ್ಟಿದ್ದರು, ಅದು ನನ್ನ ಹಾಗೆ ಸೊಟ್ಟಗೆ ನಿಂತಿತ್ತು. ಆದರೆ ಆ ಮಕ್ಕಳ ಉತ್ಸಾಹ ಹೇಗಿತ್ತೆಂದರೆ, ಬೆಳಗಿನ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲೇ ಬಂದು ಬೀಗ ಹಾಕಿದ ಗೇಟು ಹತ್ತಿ ಇಳಿಯುತ್ತಿದ್ದವು. ಶಾಲೆ ಅಂದರೆ ಹೊಟ್ಟೆನೋವು ಅನ್ನುತ್ತಿದ್ದ ಮಕ್ಕಳು ಇವು.

ಒಂದು ತೊಂದರೆ ಬಂತು. ತಟ್ಟೆ ತೊಳೆಯುವ ನೀರು ಒಂದೇ ಸಲ ನುಗ್ಗುತ್ತಿತ್ತು. ಪಾತಿಯ ಮಣ್ಣೇ ಕೊಚ್ಚಿಹೋಗಿ ಸಸಿಗಳು ಬೇರು ಸಮೇತ ತೇಲಿದವು. ಮಕ್ಕಳು ಸಪ್ಪೆ ಮುಖ ಮಾಡಿಕೊಂಡು ನಿಂತವು. ಆಗ ಹಿಂದಿನಿಂದ ಒಂದು ದನಿ ಬಂತು.

"ಡಬ್ಬ ತುಂಬಿದ್ ತಕ್ಷಣ ಅದೇ ಬಗ್ಗಿ ಸುರೀಬೇಕು ಸಾರ್. ಖಾಲಿಯಾದ್ ಮೇಲೆ ಅದೇ ಎದ್ದು ನಿಂತ್ಕೋಬೇಕು. ಹಂಗೆ ಮಾಡಿದ್ರೆ ಸ್ವಲ್ಪ ಸ್ವಲ್ಪನೇ ಹೋಗ್ತದೆ."

ಹೇಳಿದವಳು ಮಾದೇವಿ. ಆರನೇ ಕ್ಲಾಸು. ಅವಳಪ್ಪ ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಈ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಹಾಜರಿ ಕೂಗಿದರೂ ಪಕ್ಕದವಳು 'ಬಂದಿದಾಳೆ ಸಾರ್' ಅನ್ನಬೇಕು, ಅಷ್ಟು ಮೌನ.

"ಮಾಡು ನೋಡೋಣ," ಅಂದರು ಮೇಷ್ಟ್ರು.

ಇಪ್ಪತ್ತು ದಿನ ಹಿಡಿಯಿತು ಮಕ್ಕಳೇ. ಎಣ್ಣೆ ಡಬ್ಬದ ಎರಡು ಪಕ್ಕಕ್ಕೂ ತೂತು ಹೊಡೆದು, ಒಂದು ಕಬ್ಬಿಣದ ಸರಳು ತೂರಿಸಿ, ಎರಡು ಗೂಟದ ಮಧ್ಯೆ ಉಯ್ಯಾಲೆಯ ಹಾಗೆ ತೂಗುಹಾಕಿದಳು. ಮೊದಲ ದಿನ ಅರ್ಧ ತುಂಬುವಷ್ಟರಲ್ಲೇ ಅದು ಮಗುಚಿಕೊಂಡಿತು. ತೂತು ಮೇಲಕ್ಕೆ ಹೊಡೆದಳು. ಈಗ ತುಂಬಿ ತುಳುಕಿದರೂ ಬಗ್ಗಲಿಲ್ಲ. ಕೆಳಕ್ಕೆ ಹೊಡೆದಳು. ಬಗ್ಗಿತು, ಸುರಿಯಿತು, ಮತ್ತೆ ಏಳಲೇ ಇಲ್ಲ. ತೂತು ಹೊಡೆದೂ ಹೊಡೆದೂ ಡಬ್ಬ ಜರಡಿಯಾಯಿತು. ನಾನು ಎರಡನೆಯ ಡಬ್ಬ ಕೊಟ್ಟೆ. ಅದೂ ಜರಡಿಯಾಯಿತು. ಮೂರನೆಯದು ಕೊಟ್ಟೆ.

ನನಗೆ ತಡೆಯಲಾಗಲಿಲ್ಲ. "ಸಾರ್, ನಿಮಗೆ ಗೊತ್ತಿರ್ತದಲ್ಲ, ಹೇಳ್ಕೊಟ್ಟುಬಿಡಿ. ಪಾಪ, ಮಗು ಒದ್ದಾಡ್ತಿದೆ," ಅಂದೆ.

"ಎಲ್ಲಿ ಒದ್ದಾಡ್ತಿದಾಳೆ? ಅವಳ ಮುಖ ನೋಡಮ್ಮ," ಅಂದರು ಮೇಷ್ಟ್ರು.

ನೋಡಿದೆ. ತುಟಿಯ ಅಂಚಿನಲ್ಲಿ ನಾಲಿಗೆ ಚಾಚಿಕೊಂಡು, ಕೆನ್ನೆಗೆಲ್ಲ ತುಕ್ಕು ಬಳಿದುಕೊಂಡು, ಮೊಳೆ ಹೊಡೆಯುತ್ತಾ ಕೂತಿದ್ದಳು. ಪಕ್ಕದಲ್ಲಿ ಗಂಟೆ ಹೊಡೆದರೂ ಕೇಳಿಸುತ್ತಿರಲಿಲ್ಲ. ಹಬ್ಬದ ದಿನವೂ ಒಂದು ಮಗುವಿನ ಮುಖದಲ್ಲಿ ಅಂಥ ಸುಖ ನಾನು ಕಂಡಿಲ್ಲ. ಕೆಲಸ ಕೈಕೊಟ್ಟಷ್ಟೂ ಅವಳಿಗೆ ಖುಷಿ, ಯಾಕೆಂದರೆ ನಾಳೆ ಮತ್ತೆ ಬೇರೆ ಥರ ಮಾಡಿ ನೋಡಬಹುದಲ್ಲ.

ಇಪ್ಪತ್ತೊಂದನೆಯ ದಿನ ಡಬ್ಬದ ಹಿಂಬದಿಗೆ ಅರ್ಧ ಇಟ್ಟಿಗೆ ಕಟ್ಟಿದಳು. ನೀರು ಬಂತು. ಡಬ್ಬ ತುಂಬಿತು, ಬಗ್ಗಿತು, ಪಾತಿಗೆ ಸುರಿಯಿತು. ಆಮೇಲೆ ಇಟ್ಟಿಗೆಯ ಭಾರಕ್ಕೆ ಠಣ್ ಅಂತ ಎದ್ದು ನಿಂತಿತು. ಮಕ್ಕಳೆಲ್ಲ ತಟ್ಟೆ ಬಿಟ್ಟು ಓಡಿ ಬಂದು ಕುಣಿದಾಡಿದವು. ಮಾದೇವಿ ಕುಣಿಯಲಿಲ್ಲ. ಸುಮ್ಮನೆ ಕುಕ್ಕರುಗಾಲಲ್ಲಿ ಕೂತು ಅದು ಬಗ್ಗುವುದನ್ನೂ ಏಳುವುದನ್ನೂ ನೋಡುತ್ತಿದ್ದಳು. ಊಟ ಮಾಡಿಲ್ಲ ಅನ್ನುವುದೇ ಮರೆತಿದ್ದಳು. ಅವಳ ಪಾಲಿನ ಅನ್ನವನ್ನು ನಾನೇ ಮುಚ್ಚಿಟ್ಟು ಆಮೇಲೆ ಬಡಿಸಿದೆ.

ಅಂದಿನಿಂದ ಆ ಹುಡುಗಿಗೆ ಮಾತು ಬಂತು ಅಂತಲೇ ತಿಳಿಯಿರಿ. ಯಾರು ಬಂದು ಕೇಳಿದರೂ ಸರಿ, ಪೋಸ್ಟ್‌ಮನ್ ಆಗಲಿ, ಗ್ಯಾಸ್ ತರುವವನಾಗಲಿ, ಕೈ ಹಿಡಿದು ಎಳೆದುಕೊಂಡು ಹೋಗಿ, ತೂತು ಎಲ್ಲಿ ಹೊಡೆಯಬೇಕು, ಇಟ್ಟಿಗೆ ಯಾಕೆ ಕಟ್ಟಬೇಕು ಅಂತ ಪಟಪಟ ಹೇಳುತ್ತಿದ್ದಳು. ಆ ತೋಟದ ದಂಟಿನ ಸೊಪ್ಪು ನನ್ನ ಸಾರಿಗೆ ಬಿತ್ತು. ಮನೆಯಲ್ಲಿ ಸೊಪ್ಪು ಕಂಡರೆ ಮೂಗು ಮುರಿಯುವ ಮಕ್ಕಳು ಎರಡು ಸಲ ಹಾಕಿಸಿಕೊಂಡವು.

ಇಷ್ಟು ಚೆಂದವಾಗಿ ನಡೆಯುತ್ತಿದ್ದದ್ದನ್ನು ದೊಡ್ಡವರು ಸುಮ್ಮನೆ ಬಿಡುತ್ತಾರೆಯೇ?

ಹೆಡ್ ಮೇಷ್ಟ್ರ ಹೆಸರು ಶಾಂತರಾಜು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ, ನನ್ನ ಅಕ್ಕಿಯಲ್ಲಿ ಕೈಯಾಡಿಸುತ್ತಿರಲಿಲ್ಲ. ಶೀಲ್ಡು ಅಂದರೆ ಮಾತ್ರ ಬಾಯಿ ಬಾಯಿ ಬಿಡುತ್ತಿದ್ದರು. ತಾಲ್ಲೂಕಿನ ಯಾವುದೋ ಒಂದು ಸಂಸ್ಥೆಯವರು, ಚೆಂದದ ತೋಟ ಮಾಡಿದ ಶಾಲೆಗೆ ಶೀಲ್ಡು ಕೊಡುತ್ತೇವೆ, ಶನಿವಾರ ಬಂದು ನೋಡುತ್ತೇವೆ ಅಂತ ಕಾಗದ ಬರೆದರು. ಕಾಗದ ಓದಿ ಹೆಡ್ ಮೇಷ್ಟ್ರು ತೋಟದ ಹತ್ತಿರ ಬಂದು ನಿಂತರು. ಅಲ್ಲಿಯವರೆಗೆ ಒಂದು ದಿನವೂ ಬಂದವರಲ್ಲ.

"ಸಿಂಗ್ರಯ್ಯನೋರೇ, ಏನ್ರಿ ಇದು ಗುಜರಿ ಅಂಗಡಿ? ಇದನ್ನ ತೋರ್ಸೋಕಾಗ್ತದಾ?"

"ಸಾರ್, ಇದು ಮಕ್ಕಳು ಮಾಡಿರೋದು."

"ಅದಕ್ಕೇ ಕಣ್ರೀ ಹೇಳ್ತಿರೋದು. ಮಕ್ಕಳು ಮಾಡಿರೋ ಹಂಗೇ ಕಾಣ್ತದೆ."

ಈ ಮಾತು ಕೇಳಿದಾಗ ನನ್ನ ಮೈ ಉರಿದುಹೋಯಿತು. ಮಕ್ಕಳ ಶಾಲೆ, ಮಕ್ಕಳ ತೋಟ, ಅದು ಮಕ್ಕಳು ಮಾಡಿದ ಹಾಗೆ ಕಾಣಬಾರದಂತೆ. ಮತ್ತೆ ಯಾರು ಮಾಡಿದ ಹಾಗೆ ಕಾಣಬೇಕು?

ಹೆಡ್ ಮೇಷ್ಟ್ರು ದಾರಿ ಹುಡುಕಿಯೇ ಬಂದಿದ್ದರು. ಮದುವೆ ಛತ್ರಗಳಿಗೆ ಬಾಡಿಗೆಗೆ ಹೂವಿನ ಕುಂಡ ಕೊಡುತ್ತಾರಲ್ಲ, ಅಂಥ ನರ್ಸರಿಯವನೊಬ್ಬನಿಗೆ ಹೇಳಿದ್ದಾಗಿತ್ತು. ಶುಕ್ರವಾರ ಸಂಜೆ ಟೆಂಪೊ ಬಂತು. ಕೆಂಪು ಬಣ್ಣ ಬಳಿದ ಕುಂಡಗಳು, ಕ್ರೋಟನ್ನು, ಸೇವಂತಿಗೆ, ಪಾಮ್ ಗಿಡ. ಎಲ್ಲ ಒಂದೇ ಅಳತೆ, ಒಂದೇ ಎತ್ತರ. ಅವುಗಳಿಗೆ ಜಾಗ ಬೇಕಲ್ಲ, ಮಕ್ಕಳ ತೋಟ ಎತ್ತಬೇಕಾಯಿತು. ಚೀಲ, ಟೈರು, ಬಕೆಟ್ಟು ಎಲ್ಲವನ್ನೂ ಶೌಚಾಲಯದ ಹಿಂದಕ್ಕೆ ಸಾಗಿಸಿ ಅಂತ ಅಪ್ಪಣೆಯಾಯಿತು. ಎತ್ತಿದವರು ಮಕ್ಕಳೇ. ಹೀರೆ ಬಳ್ಳಿಯನ್ನು ಛತ್ರಿಯ ಕಡ್ಡಿಯಿಂದ ಬಿಡಿಸಲಾಗದೆ ಕೊಯ್ದುಹಾಕಿದರು. ತುಂಬ ಹೀಚು ಇತ್ತು ಅದರಲ್ಲಿ. ಮಾದೇವಿ ತನ್ನ ಡಬ್ಬವನ್ನು ಗೂಟ ಸಮೇತ ಕಿತ್ತು, ಬೇರೆ ಯಾರ ಕೈಗೂ ಕೊಡದೆ ತಾನೇ ಹೊತ್ತುಕೊಂಡು ಹೋದಳು.

ಸುಳ್ಳು ಹೇಳಬಾರದು, ನಾನೂ ಒಂದು ಚೀಲ ಹೊತ್ತೆ. ಹೊರಲಾರೆ ಅಂತ ಹೇಳಬಹುದಿತ್ತು. ಕೆಲಸ ಹೋದೀತು ಅಂತ ಹೆದರಿ ಬಾಯಿ ಮುಚ್ಚಿಕೊಂಡು ಹೊತ್ತೆ. ಸಿಂಗ್ರಯ್ಯ ಮೇಷ್ಟ್ರೂ ಅಷ್ಟೇ. "ಒಂದು ದಿನದ ಮಾತಲ್ವಾ ಮಕ್ಕಳೇ, ಸೋಮವಾರ ಮತ್ತೆ ಇಟ್ಕೊಳ್ಳೋಣ," ಅಂತ ಸಮಾಧಾನ ಹೇಳಿದರು. ಅವರೂ ಹೆಡ್ ಮೇಷ್ಟ್ರ ಕೈಕೆಳಗಿನವರು, ವರ್ಗ ಮಾಡಿಸುತ್ತಾರೆ ಅನ್ನುವ ಭಯ. ಭಯ ಇರಲಿ, ಯಾರಿಗಿಲ್ಲ? ಆದರೆ ಇಪ್ಪತ್ತು ದಿನ ಸೋತರೂ ಹೆದರದ ಹುಡುಗಿಯ ಮುಂದೆ ನಾವಿಬ್ಬರು ದೊಡ್ಡವರು ಒಂದು ಮಾತಿಗೆ ಹೆದರಿದೆವು.

ಶನಿವಾರ ಬೆಳಿಗ್ಗೆ ಮೂವರು ಬಂದರು. ಎಳನೀರು ಕುಡಿದರು. ಕುಂಡಗಳ ಸಾಲು ನೋಡಿ ತಲೆದೂಗಿದರು, ಫೋಟೊ ತೆಗೆದರು.

"ಇದನ್ನೆಲ್ಲ ಬೆಳೆಸಿದ್ದು ಯಾರು?" ಅಂತ ಅವರಲ್ಲಿ ಹಿರಿಯರೊಬ್ಬರು ಕೇಳಿದರು.

"ಎಲ್ಲ ನಮ್ಮ ಮಕ್ಕಳೇ ಸಾರ್," ಅಂದರು ಹೆಡ್ ಮೇಷ್ಟ್ರು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಚೆನ್ನಾಗಿ ಮಾತಾಡುತ್ತಾಳೆ ಅಂತ ಮಾದೇವಿಯನ್ನೇ ಕರೆದು ಮುಂದೆ ನಿಲ್ಲಿಸಿದರು. ಯಾವ ತೋಟದಿಂದ ಅವಳಿಗೆ ಮಾತು ಬಂದಿತ್ತೋ ಅದನ್ನು ಶೌಚಾಲಯದ ಹಿಂದೆ ಎಸೆಸಿ, ಆ ಮಾತನ್ನು ಮಾತ್ರ ಬಳಸಿಕೊಳ್ಳಲು ಹೊರಟರು ನೋಡಿ.

ಹಿರಿಯರು ಒಳ್ಳೆಯವರೇ. ಬಗ್ಗಿ ಪ್ರೀತಿಯಿಂದ ಕೇಳಿದರು. "ಇಷ್ಟೊಂದು ಗಿಡಕ್ಕೆ ನೀರು ಹೆಂಗೆ ಹಾಕ್ತೀರಮ್ಮ?"

ಮಕ್ಕಳೇ, ಆ ಪ್ರಶ್ನೆಗೆ ಉತ್ತರ ಆ ಶಾಲೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೆ. ಎರಡು ಡಬ್ಬ ಜರಡಿ ಮಾಡಿ ಕಲಿತ ಉತ್ತರ. ಅವಳ ಕಣ್ಣು ಅರಳಿತು, ಬಾಯಿ ತೆರೆದಳು. ಅಷ್ಟರಲ್ಲಿ ಹೆಡ್ ಮೇಷ್ಟ್ರು ಅವಳ ಹೆಗಲ ಮೇಲೆ ಕೈಯಿಟ್ಟು, "ಬಿಂದಿಗೇಲಿ, ಸರದಿ ಪ್ರಕಾರ ಹಾಕ್ತಾರೆ ಸಾರ್. ಹೇಳಮ್ಮ," ಅಂದರು.

ಮಾದೇವಿ ಸಿಂಗ್ರಯ್ಯ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ನೆಲ ನೋಡುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದೆ, ಒದ್ದೆಯಿಲ್ಲದ ಕೈಯನ್ನು. ಅವಳು ಯಾರಾದರೂ ಏನಾದರೂ ಹೇಳುತ್ತಾರೇನೋ ಅಂತ ಕಾದಳು.

"ಬಿಂದಿಗೇಲಿ ಸಾರ್," ಅಂದಳು.

ಮೂವರೂ ಚಪ್ಪಾಳೆ ತಟ್ಟಿದರು. ಶೀಲ್ಡು ಅಲ್ಲಿಯೇ ಕೊಟ್ಟರು, ಕಾರಿನಲ್ಲೇ ತಂದಿದ್ದರು. ಮಾದೇವಿಯ ಕೈಯಲ್ಲಿ ಅದನ್ನು ಹಿಡಿಸಿ ಇನ್ನೊಂದು ಫೋಟೊ ತೆಗೆದರು. ಹೆಡ್ ಮೇಷ್ಟ್ರು ಎಲ್ಲರಿಗೂ ಲಾಡು ಹಂಚಿದರು. ಮಧ್ಯಾಹ್ನ ಟೆಂಪೊ ಬಂದು ಕುಂಡಗಳನ್ನು ತುಂಬಿಕೊಂಡು ಹೋಯಿತು, ಯಾವುದೋ ಮದುವೆಗೆ ತಡವಾಗುತ್ತದಂತೆ. ಶೀಲ್ಡು ಆಫೀಸು ರೂಮಿನ ಗಾಜಿನ ಬೀರುವಿನಲ್ಲಿ ಕೂತಿತು. ಗೋಡೆಯುದ್ದಕ್ಕೂ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಸೋಮವಾರ ಸಿಂಗ್ರಯ್ಯ ಮೇಷ್ಟ್ರು ಎಲ್ಲರಿಗಿಂತ ಮುಂಚೆ ಬಂದರು. ಒಬ್ಬರೇ ಶೌಚಾಲಯದ ಹಿಂದಿನಿಂದ ಒಂದೊಂದೇ ಹೊತ್ತು ತಂದು ಗೋಡೆಯ ಹತ್ತಿರ ಇಟ್ಟರು. ಮೈಯೆಲ್ಲ ಬೆವರು. ಬದನೆ ಒಣಗಿತ್ತು, ಟೊಮೇಟೊ ಗಿಡ ಮುರಿದಿತ್ತು, ಕೊತ್ತಂಬರಿ ಮಾತ್ರ ಉಸಿರು ಹಿಡಿದುಕೊಂಡಿತ್ತು. ಮಾದೇವಿಯ ಡಬ್ಬಕ್ಕೆ ಏನೂ ಆಗಿರಲಿಲ್ಲ. ಹೆಡ್ ಮೇಷ್ಟ್ರು ವರಾಂಡದಿಂದ ನೋಡಿ, "ಹಾಕ್ಕೊಳ್ಳಿ ಸಿಂಗ್ರಯ್ಯನೋರೇ, ಇನ್ನೊಂದು ವರ್ಷ ಯಾರೂ ನೋಡೋಕೆ ಬರಲ್ಲ," ಅಂತ ದೊಡ್ಡ ಮನಸ್ಸು ಮಾಡಿದರು.

ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ಆರನೇ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರೆದರು.

"ಮಕ್ಕಳೇ, ಶನಿವಾರ ನಾನು ಬಾಯಿ ಬಿಡಬೇಕಿತ್ತು. ಬಿಡ್ಲಿಲ್ಲ. ತಪ್ಪು ನಂದು. ಮಾದೇವಿ, ನಿನ್ನ ಕೈಲಿ ಸುಳ್ಳು ಹೇಳಿಸ್ದಂಗಾಯ್ತು. ಮತ್ತೆ ಮೊದಲಿಂದ ಮಾಡೋಣ, ಬನ್ನಿ."

 ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲ ಸರಿಹೋಯಿತು ಅಂದುಕೊಂಡೆ. ಮೇಷ್ಟ್ರು ಮಗುವಿನ ಮುಂದೆ ತಪ್ಪು ಒಪ್ಪಿಕೊಂಡರಲ್ಲ, ಇನ್ನೇನು ಬೇಕು ಅಂತ. ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಈ ಸಿಟ್ಟು ಇರುತ್ತಿರಲಿಲ್ಲ.

ಮಾದೇವಿ ಡಬ್ಬವನ್ನು ಮುಟ್ಟಲಿಲ್ಲ. ನಿಂತಲ್ಲಿಂದಲೇ ಕೇಳಿದಳು.

"ಶೀಲ್ಡ್ ವಾಪಸ್ ಕೊಟ್ಟು ಬರ್ತೀರಾ ಸಾರ್?"

ಮೇಷ್ಟ್ರು ಆಫೀಸು ರೂಮಿನ ಕಡೆ ನೋಡಿದರು. ಹೆಡ್ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಇತ್ತಲೇ ನೋಡುತ್ತಿದ್ದರು.

"ಅದು... ಅದು ನನ್ನ ಕೈಲಿಲ್ಲಮ್ಮ," ಅಂದರು ಮೇಷ್ಟ್ರು.

"ಹಂಗಾದ್ರೆ ಬಾಡಿಗೇದೇ ಸರಿ ಸಾರ್. ಮುಂದಿನ ವರ್ಷಾನೂ ಅದನ್ನೇ ತರ್ಸಿ."

ಸಿಟ್ಟಿನಿಂದ ಹೇಳಲಿಲ್ಲ ಮಕ್ಕಳೇ. ಅತ್ತುಕೊಂಡೂ ಹೇಳಲಿಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿ ಕ್ಲಾಸಿನೊಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಉಳಿದ ಮಕ್ಕಳು ಮೇಷ್ಟ್ರ ಮುಖ ನೋಡಿದವು, ಒಂದೊಂದಾಗಿ ಒಳಗೆ ಹೋದವು. ಮಾರನೆಯ ದಿನ ಹಾಜರಿ ಕೂಗಿದಾಗ 'ಬಂದಿದಾಳೆ ಸಾರ್' ಅಂತ ಪಕ್ಕದವಳು ಹೇಳಿದಳು.

ಮುಂದಿನ ತಿಂಗಳು ಪೋಷಕರ ಸಭೆ ಆಯಿತು. ಹೆಡ್ ಮೇಷ್ಟ್ರು ಮೈಕು ಹಿಡಿದು, "ಈಗಿನ ಮಕ್ಕಳಿಗೆ ಕೈಯಾರೆ ಏನಾದ್ರೂ ಮಾಡೋಣ ಅನ್ನೋ ಆಸೆನೇ ಇಲ್ಲ. ಎಲ್ಲ ರೆಡಿಮೇಡ್ ಬೇಕು," ಅಂತ ಭಾಷಣ ಮಾಡಿದರು. ಅಪ್ಪ ಅಮ್ಮಂದಿರು ಹೌದು ಹೌದು ಅಂತ ತಲೆಯಾಡಿಸಿದರು. ನನ್ನ ಕೈಯಲ್ಲಿ ಸೌಟು ಇತ್ತು. ಹೇಗೆ ತಡೆದುಕೊಂಡೆನೋ ನನಗೇ ಗೊತ್ತಿಲ್ಲ. ಈಗ ಅನ್ನಿಸುತ್ತದೆ, ತಡೆದುಕೊಳ್ಳಬಾರದಿತ್ತು. ಎದ್ದು ನಿಂತು ಕೇಳಬೇಕಿತ್ತು, ಆ ಆಸೆಯನ್ನು ಶೌಚಾಲಯದ ಹಿಂದೆ ಎಸೆಸಿದ್ದು ಯಾರು ಸ್ವಾಮಿ ಅಂತ. ಕೇಳಲಿಲ್ಲ. ಆವತ್ತು ಆಡದೆ ಉಳಿದ ಮಾತನ್ನೇ ಈಗ ನಿಮ್ಮ ಮುಂದೆ ಆಡುತ್ತಿದ್ದೇನೆ.

ನೀತಿ: ಮಕ್ಕಳೇ, ಈ ನೀತಿ ನಿಮಗಲ್ಲ. ಮನೆಗೆ ಹೋಗಿ ನಿಮ್ಮ ದೊಡ್ಡವರಿಗೆ ಗಟ್ಟಿಯಾಗಿ ಓದಿ ಹೇಳಿ. ದೊಡ್ಡವರೇ, ಮಗು ತನ್ನ ಕೈಯಿಂದ ಮಾಡಿದ ಸೊಟ್ಟ ಕೆಲಸವನ್ನು ನೀವು ನಾಚಿಕೆಪಟ್ಟು ಮುಚ್ಚಿಟ್ಟು, ಬಾಡಿಗೆಗೆ ತಂದ ನೆಟ್ಟನೆಯ ಕೆಲಸಕ್ಕೆ ಬಹುಮಾನ ಪಡೆದರೆ, ಮಗು ಎರಡನೆಯದನ್ನೇ ಕಲಿಯುತ್ತದೆ. ಮಾಡುವ ಸಂತೋಷವನ್ನು ನೀವು ಒಮ್ಮೆ ಅವಮಾನಿಸಿದರೆ ಬರೀ 'ತಪ್ಪಾಯ್ತು' ಅಂದದ್ದಕ್ಕೆ ಅದು ತಿರುಗಿ ಬರುವುದಿಲ್ಲ. ಸುಳ್ಳಿಗೆ ಸಿಕ್ಕಿದ್ದನ್ನು ಮೊದಲು ವಾಪಸ್ ಕೊಟ್ಟು ಬನ್ನಿ, ಆಮೇಲೆ ಮಗುವನ್ನು ಕರೆಯಿರಿ.